ಎಂಟು ಮತಪತ್ರಗಳು, ಒಂದು ಲೇಖನಿ

ಮೇಯರ್ ಚುನಾವಣೆಯ ಸುದ್ದಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಶೀರ್ಷಿಕೆಯನ್ನಷ್ಟೇ ಓದಿ ಪುಟ ತಿರುವುತ್ತಾರೆ. ಹೂಹಾರ ಧರಿಸಿದ ಒಂದು ಭಾವಚಿತ್ರ, ನಗರದ ಸರ್ವಾಂಗೀಣ ಅಭಿವೃದ್ಧಿಯ ಒಂದು ಭರವಸೆ, ವರ್ಷ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೊಂದು ಭಾವಚಿತ್ರ. ಲೋಕಸಭೆಯ ಚುನಾವಣೆಗೆ ಕೊಡುವ ಗಮನದ ನೂರರಲ್ಲೊಂದು ಪಾಲನ್ನೂ ನಾವು ಇದಕ್ಕೆ ಕೊಡುವುದಿಲ್ಲ. ಆದರೆ ಚಿಕ್ಕದೆಂದು ನಾವು ಕಡೆಗಣಿಸಿದ ಇಂತಹುದೇ ಒಂದು ಚುನಾವಣೆ 2024ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಮೇಜಿನವರೆಗೆ ಹೋಯಿತು. ನ್ಯಾಯಮೂರ್ತಿಗಳು ಎಂಟು ಮತಪತ್ರಗಳನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಪರಿಶೀಲಿಸಬೇಕಾಯಿತು. ಚಂಡೀಗಢದ ಆ ಪ್ರಕರಣವನ್ನು ವಾಚಕರ ಮುಂದಿಟ್ಟು, ಅದರಲ್ಲಿ ನಮಗೂ ನಮ್ಮ ಕರಾವಳಿಯ ನಗರಕ್ಕೂ ಇರುವ ಪಾಠವನ್ನು ವಿಚಾರ ಮಾಡಲು ಇಂದು ಬಯಸುತ್ತೇವೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯೋಣ. ಪಂಜಾಬ್ ಮತ್ತು ಹರಿಯಾಣ ಎರಡೂ ರಾಜ್ಯಗಳಿಗೆ ರಾಜಧಾನಿಯಾಗಿರುವ ಚಂಡೀಗಢ ಸ್ವತಃ ಒಂದು ಕೇಂದ್ರಾಡಳಿತ ಪ್ರದೇಶ. ಅಲ್ಲಿ ವಿಧಾನಸಭೆಯಿಲ್ಲ, ಪ್ರಜೆಗಳ ಮತದಿಂದ ರೂಪುಗೊಳ್ಳುವ ಸ್ಥಳೀಯ ಸಂಸ್ಥೆಯೆಂದರೆ ಮಹಾನಗರಪಾಲಿಕೆ. 2021ರ ಡಿಸೆಂಬರ್‌ನಲ್ಲಿ ಅದರ 35 ವಾರ್ಡುಗಳಿಗೆ ಚುನಾವಣೆ ನಡೆಯಿತು. ಈ ಸದಸ್ಯರೊಂದಿಗೆ ನಗರದ ಲೋಕಸಭಾ ಸದಸ್ಯರೂ ಸೇರಿ, ಒಟ್ಟು 36 ಮಂದಿ ಮೇಯರನ್ನು ಆರಿಸುತ್ತಾರೆ. ಅವಧಿ ಕೇವಲ ಒಂದು ವರ್ಷ. ನಾಮನಿರ್ದೇಶಿತ ಸದಸ್ಯರೂ ಸಭೆಯಲ್ಲಿರುತ್ತಾರೆ. ಆದರೆ ಅವರಿಗೆ ಮತವಿಲ್ಲ.

ಇಷ್ಟು ಚಿಕ್ಕ ಮತದಾರರ ಪಟ್ಟಿಯಲ್ಲಿ ಒಂದೊಂದು ಮತದ ತೂಕ ಎಷ್ಟೆಂಬುದನ್ನು ಮೊದಲ ಎರಡು ವರ್ಷಗಳೇ ತೋರಿಸಿದವು. ವಾರ್ಡುಗಳ ಚುನಾವಣೆಯಲ್ಲಿ 14 ಸ್ಥಾನ ಗಳಿಸಿ ಅತಿ ದೊಡ್ಡ ಪಕ್ಷವಾಗಿದ್ದದ್ದು ಆಮ್ ಆದ್ಮಿ ಪಕ್ಷ. ಆದರೂ 2022ರ ಜನವರಿಯಲ್ಲಿ ಒಂದು ಮತಪತ್ರ ಅಸಿಂಧುವಾಗಿ, ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ಸರಬ್ಜಿತ್ ಕೌರ್ ಅವರು 14ಕ್ಕೆ 13ರಂತೆ ಒಂದೇ ಮತದಿಂದ ಗೆದ್ದರು. 2023ರಲ್ಲಿ ಅದೇ ಪಕ್ಷದ ಅನೂಪ್ ಗುಪ್ತಾ ಅವರ ಗೆಲುವು 15ಕ್ಕೆ 14ರದು. ಆ ಎರಡೂ ಸಲ ಕಾಂಗ್ರೆಸ್ ಸದಸ್ಯರು ಮತದಾನದಿಂದ ದೂರ ಉಳಿದಿದ್ದರು.

2024ರಲ್ಲಿ ಲೆಕ್ಕ ಬದಲಾಯಿತು. ಆ ವರ್ಷ ಮೇಯರ್ ಪದವಿ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಆಮ್ ಆದ್ಮಿ ಪಕ್ಷದ 13 ಮತ್ತು ಕಾಂಗ್ರೆಸ್ಸಿನ 7 ಸದಸ್ಯರು ಒಂದಾಗಿ ಕುಲದೀಪ್ ಕುಮಾರ್ ಅವರನ್ನು ನಿಲ್ಲಿಸಿದರು. ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ಮನೋಜ್ ಸೋನ್‌ಕರ್. ಅವರ ಕಡೆ ಪಕ್ಷದ 14 ಸದಸ್ಯರು, ಒಬ್ಬ ಲೋಕಸಭಾ ಸದಸ್ಯರು, ಅಕಾಲಿ ದಳದ ಒಬ್ಬರು, ಒಟ್ಟು 16. ಪ್ರಾಥಮಿಕ ಶಾಲೆಯ ಮಗುವೂ ಫಲಿತಾಂಶ ಹೇಳಬಹುದಾಗಿತ್ತು. ಜನವರಿ 18ರಂದು ನಡೆಯಬೇಕಿದ್ದ ಚುನಾವಣೆ, ಚುನಾವಣಾಧಿಕಾರಿ ಅಸ್ವಸ್ಥರಾದರೆಂಬ ಕಾರಣದಿಂದ ಮುಂದೂಡಲ್ಪಟ್ಟಿತು. ಹೈಕೋರ್ಟಿನ ಆದೇಶದ ಮೇಲೆ ಜನವರಿ 30ರಂದು ಅದು ನಡೆಯಿತು. ಎಣಿಕೆ ಮುಗಿದಾಗ ಸೋನ್‌ಕರ್ ಅವರಿಗೆ 16, ಕುಲದೀಪ್ ಕುಮಾರ್ ಅವರಿಗೆ 12, ಅಸಿಂಧು 8 ಎಂಬ ಘೋಷಣೆಯಾಯಿತು. ಆ ಎಂಟೂ ಮತಪತ್ರಗಳು ಕುಲದೀಪ್ ಕುಮಾರ್ ಅವರಿಗೆ ಬಿದ್ದಂಥವು.

ಚುನಾವಣಾಧಿಕಾರಿಯಾಗಿ ಕುಳಿತಿದ್ದವರು ನಾಮನಿರ್ದೇಶಿತ ಸದಸ್ಯ ಅನಿಲ್ ಮಸೀಹ್. ಅವರು ಲೇಖನಿಯಿಂದ ಮತಪತ್ರಗಳ ಮೇಲೆ ಗುರುತು ಹಾಕುತ್ತಿದ್ದುದು, ನಡುವೆ ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿದ್ದು ಚಿತ್ರೀಕರಣದಲ್ಲಿ ದಾಖಲಾಗಿತ್ತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಫೆಬ್ರವರಿ 18ರಂದು ಸೋನ್‌ಕರ್ ರಾಜೀನಾಮೆ ಕೊಟ್ಟರು. ಅದೇ ಹೊತ್ತಿಗೆ ಆಮ್ ಆದ್ಮಿ ಪಕ್ಷದ ಮೂವರು ಸದಸ್ಯರು ಎದುರು ಪಕ್ಷಕ್ಕೆ ಸೇರಿದರು. ಮತಪತ್ರಗಳು ಮೊದಲೇ ಕೆಟ್ಟಿದ್ದವು, ಗುರುತಿಗಾಗಿ ತಾವು ಗೀಟು ಹಾಕಿದೆವು ಎಂಬುದು ಚುನಾವಣಾಧಿಕಾರಿ ನ್ಯಾಯಾಲಯಕ್ಕೆ ಕೊಟ್ಟ ವಿವರಣೆ. ಫೆಬ್ರವರಿ 20ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ನೇತೃತ್ವದ ಪೀಠ ಮತಪತ್ರಗಳನ್ನೇ ತರಿಸಿ ನೋಡಿತು. ಅವು ಯಾವ ರೀತಿಯಲ್ಲೂ ಕೆಟ್ಟಿರಲಿಲ್ಲ. ಸಂವಿಧಾನದ 142ನೆಯ ವಿಧಿಯ ಅಧಿಕಾರವನ್ನು ಬಳಸಿ, ಎಂಟು ಮತಗಳನ್ನೂ ಸೇರಿಸಿ, 20 ಮತ ಪಡೆದ ಕುಲದೀಪ್ ಕುಮಾರ್ ಅವರೇ ಮೇಯರ್ ಎಂದು ಸಾರಿತು. ಸುಳ್ಳು ಹೇಳಿಕೆ ನೀಡಿದ್ದಕ್ಕಾಗಿ ಚುನಾವಣಾಧಿಕಾರಿಯ ವಿರುದ್ಧ ಕ್ರಮಕ್ಕೆ ಆದೇಶಿಸಿತು. ಅವರು ಮುಂದೆ ಬೇಷರತ್ ಕ್ಷಮೆ ಯಾಚಿಸಿದರು.

ಮಸೀಹ್ ಎಂಬುದು ಪಂಜಾಬಿನ ಕ್ರೈಸ್ತರಲ್ಲಿ ಸಾಮಾನ್ಯವಾದ ಕುಲನಾಮ. ಇದನ್ನು ಹೇಳುವುದು ಆ ವ್ಯಕ್ತಿಯನ್ನು ಹೀಗಳೆಯಲು ಅಲ್ಲ. ಅಧಿಕಾರದಲ್ಲಿರುವ ಅನ್ಯರ ತಪ್ಪನ್ನು ದುರ್ಬೀನು ಹಿಡಿದು ನೋಡಿ, ನಮ್ಮವರೆನಿಸಿದವರ ತಪ್ಪಿಗೆ ಕಣ್ಣು ಮುಚ್ಚುವುದು ನಮಗೆ ರೂಢಿಯಾಗದಿರಲಿ ಎಂಬ ಕಾರಣಕ್ಕೆ ಹೇಳಬೇಕಾಯಿತು. ಅಲ್ಪಸಂಖ್ಯಾತ ಸಮುದಾಯದಿಂದ ಬಂದವನಿಗೆ ಒಂದು ಸ್ಥಾನ ದೊರೆತರೆ ಸಾಕೆಂದು ಸಂಭ್ರಮಿಸುವ ನಾವು, ಆ ಸ್ಥಾನದಲ್ಲಿ ಅವನು ಏನು ಮಾಡುತ್ತಾನೆ ಎಂದು ಕೇಳುವುದನ್ನೂ ಕಲಿಯಬೇಕು.

ಇನ್ನು ಈ ಘಟನೆಯ ಒಳಗಿನ ತತ್ತ್ವವನ್ನು ವಿಚಾರಿಸೋಣ. ಒಂದು ಚುನಾವಣೆಯಲ್ಲಿ ಮೂರು ಬಗೆಯ ಜನರಿದ್ದಾರೆ: ಸ್ಪರ್ಧಿಸುವವರು, ಮತ ಹಾಕುವವರು, ಮತ ಎಣಿಸುವವರು. ಪರೀಕ್ಷೆ ಅಭ್ಯರ್ಥಿಗೆ ಮಾತ್ರ ಎಂದು ನಾವು ತಿಳಿಯುತ್ತೇವೆ. ಚಂಡೀಗಢ ತೋರಿಸಿದ್ದೇನೆಂದರೆ ಪರೀಕ್ಷೆ ಮೂವರಿಗೂ ಇದೆ.

ಮತ ಎಣಿಸುವವನನ್ನು ಮೊದಲು ನೋಡೋಣ. ಮತದಾರನ ಸಂಕಲ್ಪ ಅವನ ಅಂತರಂಗದಲ್ಲಿರುತ್ತದೆ. ಮತಪತ್ರದ ಮೇಲಿನ ಗುರುತು ಆ ಸಂಕಲ್ಪದ ಬಾಹ್ಯ ಚಿಹ್ನೆ. ಚುನಾವಣಾಧಿಕಾರಿ ಆ ಚಿಹ್ನೆಯ ಸೇವಕನೇ ಹೊರತು ಒಡೆಯನಲ್ಲ. ಅವನು ಅದನ್ನು ಓದಬಹುದು, ಅದಕ್ಕೆ ಏನನ್ನೂ ಸೇರಿಸುವಂತಿಲ್ಲ. ಸೇರಿಸಿದ ಕ್ಷಣದಲ್ಲಿ ಆ ಕಾಗದ ಮತದಾರನದಾಗಿ ಉಳಿಯದೆ ಅಧಿಕಾರಿಯದಾಗಿಬಿಡುತ್ತದೆ. ತನ್ನ ಪಕ್ಷ ಗೆದ್ದರೆ ನಗರಕ್ಕೆ ಒಳಿತೆಂದು ಅವನು ಪ್ರಾಮಾಣಿಕವಾಗಿಯೇ ನಂಬಿರಬಹುದು. ಆದರೆ ಸಂತ ತೋಮಸ್ ಅಕ್ವಿನಾಸರ ನೀತಿಶಾಸ್ತ್ರವನ್ನು ಓದಿದವರಿಗೆ ತಿಳಿದಿರುವಂತೆ, ಕಾರ್ಯದ ಸ್ವರೂಪವೇ ಕೆಟ್ಟದ್ದಾದಾಗ ಸದುದ್ದೇಶ ಅದನ್ನು ಒಳ್ಳೆಯದಾಗಿ ಮಾರ್ಪಡಿಸಲಾರದು.

ಇಲ್ಲಿ ನಮ್ಮದೇ ಅನುಭವವೊಂದನ್ನು ನಿವೇದಿಸಬೇಕು. ಹಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಪಾಲನಾ ಪರಿಷತ್ತಿನ ಉಪಾಧ್ಯಕ್ಷರ ಆಯ್ಕೆ ನಡೆಯಿತು. ಚೀಟಿಯಲ್ಲಿ ಹೆಸರು ಬರೆದು ಪೆಟ್ಟಿಗೆಗೆ ಹಾಕುವ ಕ್ರಮ. ಸ್ಪರ್ಧಿಸಿದ್ದ ಇಬ್ಬರದೂ ಒಂದೇ ಹೆಸರು, ಮನೆತನ ಮಾತ್ರ ಬೇರೆ. ಎಣಿಕೆ ಸಮಸಮವಾಗಿ ಬಂದು ಕೊನೆಯ ಒಂದು ಚೀಟಿ ಉಳಿಯಿತು. ಅದರಲ್ಲಿ ಹೆಸರಿತ್ತು, ಮನೆತನದ ಹೆಸರಿರಲಿಲ್ಲ. ಆ ಬರಹ ಯಾರದೆಂದು ನಮಗೆ ಗುರುತು ಹತ್ತಿತು. ಬರೆದವರ ಮನಸ್ಸಿನಲ್ಲಿ ಯಾರಿದ್ದರೆಂಬುದೂ ಬಹುಮಟ್ಟಿಗೆ ತಿಳಿಯಿತು. ನಮ್ಮ ಒಲವೂ ಅವರ ಕಡೆಗೇ ಇತ್ತು. ಲೇಖನಿ ನಮ್ಮ ಕೈಯಲ್ಲಿತ್ತು. ಒಂದು ಪದ ಸೇರಿಸಿದ್ದರೆ ಪ್ರಶ್ನಿಸುವವರು ಯಾರೂ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ವೃದ್ಧ ಗುರಿಕಾರರೊಬ್ಬರು ಚೀಟಿಯನ್ನು ಮೆಲ್ಲನೆ ಎಳೆದುಕೊಂಡು ಓದಿ, “ಫಾದರ್, ಇದು ಇಬ್ಬರಿಗೂ ಅಲ್ಲ” ಎಂದು ಬದಿಗಿಟ್ಟರು. ಮುಂದಿನ ಭಾನುವಾರ ಮತ್ತೆ ಮತದಾನವಾಯಿತು. ನಾವು ಬಯಸದಿದ್ದವರೇ ಗೆದ್ದರು, ತಮ್ಮ ಅವಧಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿದರು. ಚಂಡೀಗಢದ ಆ ದೃಶ್ಯವನ್ನು ನೋಡಿದಾಗ ನಮಗೆ ಮೊದಲು ನೆನಪಾದದ್ದು ನಮ್ಮ ಕೈಯ ಲೇಖನಿ, ಆಮೇಲೆ ಆ ಗುರಿಕಾರರ ಮುಖ. ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ಅಂತಹ ಒಬ್ಬ ಮನುಷ್ಯನಾದರೂ ಇರಬೇಕು.

ಎರಡನೆಯವರು ಮತ ಹಾಕುವವರು, ಅಂದರೆ ನಗರಪಾಲಿಕೆಯ ಸದಸ್ಯರು. ಚಂಡೀಗಢದಲ್ಲಿ ಎಣಿಸಿದವನ ತಪ್ಪು ಮಾತ್ರ ಜಗಜ್ಜಾಹೀರಾಯಿತು. ಮತದಾರರ ನಡತೆ ಅದರ ನೆರಳಿನಲ್ಲಿ ಮರೆಯಾಯಿತು. 2025ರ ಜನವರಿಯ ಚುನಾವಣೆಯನ್ನು ನೋಡಿ. ಆಗ ಆಮ್ ಆದ್ಮಿ ಪಕ್ಷ ಹಾಗೂ ಕಾಂಗ್ರೆಸ್ ಒಕ್ಕೂಟಕ್ಕೆ ಕಾಗದದ ಮೇಲೆ 20 ಮತಗಳಿದ್ದವು, ಭಾರತೀಯ ಜನತಾ ಪಕ್ಷಕ್ಕೆ 16. ಸರ್ವೋಚ್ಚ ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ವೀಕ್ಷಕರನ್ನಾಗಿ ನೇಮಿಸಿತ್ತು. ಯಾವ ಮತಪತ್ರಕ್ಕೂ ಯಾರೂ ಗೀಟು ಹಾಕಲಿಲ್ಲ. ಆದರೂ ಭಾರತೀಯ ಜನತಾ ಪಕ್ಷದ ಹರ್‌ಪ್ರೀತ್ ಕೌರ್ ಬಬ್ಲಾ 19ಕ್ಕೆ 17ರಂತೆ ಗೆದ್ದರು. ಮೂವರು ಗುಪ್ತವಾಗಿ ಬದಿ ಬದಲಿಸಿದ್ದರು. ಹಿಂದಿನ ವರ್ಷ ಲೇಖನಿಯಿಂದ ಆಗದೆ ಹೋದದ್ದು ಈ ವರ್ಷ ಮೌನದಿಂದ ಆಯಿತು. ಎಣಿಕೆ ಸರಿಯಾಗಿತ್ತು, ಆದರೆ ಆ ಮೂವರು ಯಾರು, ಏಕೆ ಹಾಗೆ ಮಾಡಿದರು ಎಂದು ಅವರ ವಾರ್ಡಿನ ಜನರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಇಲ್ಲಿ ಗುಪ್ತ ಮತದಾನದ ಬಗ್ಗೆ ಒಂದು ವಿವೇಚನೆ ಅಗತ್ಯ. ಸಾಮಾನ್ಯ ಪ್ರಜೆಯ ಮತ ಅವನ ಸ್ವಂತದ್ದು. ಧಣಿಯಿಂದ, ಸಾಲ ಕೊಟ್ಟವನಿಂದ, ಗುಂಪಿನಿಂದ ಅವನನ್ನು ರಕ್ಷಿಸುವುದಕ್ಕಾಗಿ ಅದು ಗುಪ್ತವಾಗಿರುತ್ತದೆ. ಪಾಲಿಕೆಯ ಸದಸ್ಯನ ಮತವಾದರೋ ಅವನ ಸ್ವಂತದ್ದಲ್ಲ. ತನ್ನ ವಾರ್ಡಿನ ಜನರಿಂದ ಅವನು ನಂಬಿಕೆಯ ಮೇಲೆ ಪಡೆದ ಠೇವಣಿ ಅದು. ಠೇವಣಿ ಇಟ್ಟವನು ಲೆಕ್ಕ ಕೇಳಿದಾಗ, ಅದು ಗುಪ್ತವೆಂದು ಹೇಳುವುದು ನ್ಯಾಯವೆ? ಪ್ರಜೆಯ ವಿಷಯದಲ್ಲಿ ಗೋಪ್ಯತೆ ದುರ್ಬಲನಿಗೆ ರಕ್ಷಣೆ. ಪ್ರತಿನಿಧಿಯ ವಿಷಯದಲ್ಲಿ ಅದೇ ಗೋಪ್ಯತೆ ಸೇವಕನನ್ನು ಒಡೆಯನ ಕಣ್ಣಿನಿಂದ ಮರೆಮಾಡುತ್ತದೆ. ಚಂಡೀಗಢವೂ 2025ರಲ್ಲಿ ನಿಯಮವನ್ನು ತಿದ್ದಿ ಕೈಯೆತ್ತುವ ಕ್ರಮಕ್ಕೆ ಬಂದಿತು. ನಮ್ಮ ಮಂಗಳೂರಿನಲ್ಲಿ ಮೊದಲಿನಿಂದಲೂ ಪ್ರಾದೇಶಿಕ ಆಯುಕ್ತರ ಸಮ್ಮುಖದಲ್ಲಿ ಸದಸ್ಯರು ಕೈಯೆತ್ತಿಯೇ ಮೇಯರನ್ನು ಆರಿಸುತ್ತ ಬಂದಿದ್ದಾರೆ. ಈ ವಿಷಯದಲ್ಲಿ ನಮ್ಮ ಪದ್ಧತಿ ಉತ್ತಮ. ಎತ್ತಿದ ಕೈಯ ಹಿಂದೆ ಪಕ್ಷದ ಆಜ್ಞೆ ಮಾತ್ರವಿದೆಯೋ ಸ್ವಂತ ವಿವೇಕವೂ ಇದೆಯೋ ಎಂಬುದನ್ನು ಮಾತ್ರ ಯಾವ ನಿಯಮವೂ ನಿರ್ಧರಿಸಲಾರದು.

ಮೂರನೆಯವರು ಅಭ್ಯರ್ಥಿಗಳು. 2024ರ ಆ ಚುನಾವಣೆಯಲ್ಲಿ ಇಬ್ಬರು ಅಭ್ಯರ್ಥಿಗಳಿದ್ದರು ಎಂಬುದನ್ನು ದೇಶವೆಲ್ಲ ತಿಳಿಯಿತು. ದಡ್ಡುಮಾಜ್ರಾದಲ್ಲಿ ಬೆಟ್ಟದಂತೆ ಬೆಳೆದಿದ್ದ ಕಸದ ರಾಶಿಗೆ ಇಬ್ಬರಲ್ಲಿ ಯಾರ ಬಳಿ ಯಾವ ಪರಿಹಾರವಿತ್ತೆಂದು ಎಷ್ಟು ಮಂದಿ ಕೇಳಿದರು? ಕೇಳದಿರುವುದಕ್ಕೂ ಒಂದು ಕಾರಣವಿದೆ. ಗೆದ್ದು ಬಂದ ಕುಲದೀಪ್ ಕುಮಾರ್ ಅವರ ಅಧ್ಯಕ್ಷತೆಯಲ್ಲಿ ಪಾಲಿಕೆಯ ಸಭೆ 2024ರ ಮಾರ್ಚ್‌ನಲ್ಲಿ ಪ್ರತಿ ಮನೆಗೆ ತಿಂಗಳಿಗೆ 20,000 ಲೀಟರ್ ನೀರನ್ನು ಉಚಿತವಾಗಿ ಕೊಡುವ ನಿರ್ಣಯ ಮಾಡಿತು. ಆಡಳಿತಾಧಿಕಾರಿ ಅದನ್ನು ಒಪ್ಪಲಿಲ್ಲ. ಆ ನಿರ್ಣಯ ಆರ್ಥಿಕವಾಗಿ ವಿವೇಕದ್ದೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ. ಸರ್ವೋಚ್ಚ ನ್ಯಾಯಾಲಯವೇ ಕೂರಿಸಿದ ಮೇಯರ್‌ಗೂ ನಗರದ ನೀರಿನ ಬಗ್ಗೆ ಕೊನೆಯ ಮಾತು ಹೇಳುವ ಅಧಿಕಾರವಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕುರ್ಚಿಗಾಗಿ ಇಷ್ಟೊಂದು ಹೋರಾಟ. ಕುರ್ಚಿಯಲ್ಲಿ ಮಾತ್ರ ಇಷ್ಟು ಕಡಿಮೆ ಶಕ್ತಿ.

ಈಗ ನಮ್ಮ ಮನೆಯ ಕಡೆ ನೋಡೋಣ. 2019ರ ನವೆಂಬರ್‌ನಲ್ಲಿ ಮಂಗಳೂರು ಮಹಾನಗರಪಾಲಿಕೆಯ 60 ವಾರ್ಡುಗಳ ಪೈಕಿ 44ನ್ನು ಒಂದೇ ಪಕ್ಷ ಗೆದ್ದಿತು. ಅಲ್ಲಿ ಪಕ್ಷಾಂತರದ ಭಯವಿರಲಿಲ್ಲ, ಅಸಿಂಧು ಮತದ ಪ್ರಶ್ನೆಯಿರಲಿಲ್ಲ. ಆದರೂ 2020ರ ಫೆಬ್ರವರಿಯಿಂದ 2025ರ ಫೆಬ್ರವರಿಯೊಳಗೆ ದಿವಾಕರ ಪಾಂಡೇಶ್ವರ, ಪ್ರೇಮಾನಂದ ಶೆಟ್ಟಿ, ಜಯಾನಂದ ಅಂಚನ್, ಸುಧೀರ್ ಶೆಟ್ಟಿ ಕಣ್ಣೂರು, ಮನೋಜ್ ಕುಮಾರ್ ಕೋಡಿಕಲ್ ಎಂಬ ಐವರು ಮೇಯರ್‌ಗಳು ಬಂದುಹೋದರು. ಇದು ಅವರ ವೈಯಕ್ತಿಕ ದೋಷವಲ್ಲ. ಕಾನೂನು ಅವರಿಗೆ ಕೊಟ್ಟದ್ದೇ ಒಂದು ವರ್ಷ. ಮೊದಲ ಮೂರು ತಿಂಗಳು ಕಡತಗಳ ಪರಿಚಯಕ್ಕೆ, ಕೊನೆಯ ಮೂರು ತಿಂಗಳು ಬೀಳ್ಕೊಡುಗೆಗೆ; ನಡುವಿನ ಆರು ತಿಂಗಳಲ್ಲಿ ಮಳೆಗಾಲವೂ ಬರುತ್ತದೆ. ಕಾರ್ಯಾಂಗದ ಅಧಿಕಾರ ಸರಕಾರ ನೇಮಿಸಿದ ಆಯುಕ್ತರ ಕೈಯಲ್ಲಿರುತ್ತದೆ. ಹೀಗಿರುವಾಗ ಐದು ವರ್ಷದ ಯೋಜನೆಯನ್ನು ಯಾರು ಹೊರಬೇಕು?

2019ರ ಆಗಸ್ಟ್ ತಿಂಗಳನ್ನು ನಾವು ಮರೆಯಬಾರದು. ಆ ಮಳೆಯಲ್ಲಿ ಪಚ್ಚನಾಡಿಯ ತ್ಯಾಜ್ಯರಾಶಿ ಕುಸಿದು ಮಂದಾರದ ಮನೆಗಳ, ಅಡಿಕೆ ಮತ್ತು ತೆಂಗಿನ ತೋಟಗಳ ಮೇಲೆ ಹರಿಯಿತು. ತಲೆಮಾರುಗಳಿಂದ ಬೆಳೆಸಿದ ತೋಟ ನಗರದ ಕಸದಡಿ ಹೂತುಹೋಯಿತು. ಕುಟುಂಬಗಳು ಮನೆ ಬಿಟ್ಟು ಹೊರಟವು. ಆ ದಿನಗಳಲ್ಲಿ ಮಂಗಳೂರಿಗೆ ಮೇಯರ್ ಇರಲೇ ಇಲ್ಲ. ಹಿಂದಿನ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿಯ ಆಳ್ವಿಕೆ ನಡೆಯುತ್ತಿತ್ತು. ಮೇಯರ್ ಇದ್ದಿದ್ದರೆ ಗುಡ್ಡ ನಿಲ್ಲುತ್ತಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಮನೆ ಕಳೆದುಕೊಂಡವನು ಯಾರ ಬಾಗಿಲು ತಟ್ಟಬೇಕೆಂಬ ಪ್ರಶ್ನೆಗೆ, ಅವನೇ ಆರಿಸಿದ ಒಬ್ಬ ಮನುಷ್ಯನ ಹೆಸರು ಉತ್ತರವಾಗಿರಬೇಕಿತ್ತು.

ರಾಜಧಾನಿಯ ಕಥೆ ಇನ್ನೂ ವಿಚಿತ್ರ. 2015ರ ಬೆಂಗಳೂರು ಪಾಲಿಕೆ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 198 ವಾರ್ಡುಗಳಲ್ಲಿ 100 ಸಿಕ್ಕಿತು. ಮೇಯರ್ ಆದವರು ಮಾತ್ರ ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿ. ಜನತಾದಳದ ಬೆಂಬಲದೊಡನೆ, ಮತದಾನದ ಹಕ್ಕಿದ್ದ ಶಾಸಕರು ಮತ್ತು ಸಂಸದರ ಮತಗಳು ತಕ್ಕಡಿಯನ್ನು ವಾಲಿಸಿದವು. ಇದರಲ್ಲಿ ಕಾನೂನಿನ ಉಲ್ಲಂಘನೆಯಿಲ್ಲ; ಚಂಡೀಗಢದ ಲೇಖನಿಗೂ ಇದಕ್ಕೂ ಅಜಗಜಾಂತರವಿದೆ. ಆದರೆ ವಾರ್ಡಿನಲ್ಲಿ ಮತ ಹಾಕಿದ ನಾಗರಿಕನಿಗೆ, ತಾನು ಆರಿಸಿದ್ದು ಒಂದು, ಬಂದದ್ದು ಇನ್ನೊಂದು ಎಂಬ ಭಾವನೆ ಮೂಡಿದರೆ ಅವನನ್ನು ಆಕ್ಷೇಪಿಸುವಂತಿಲ್ಲ. 2020ರ ಬಿಬಿಎಂಪಿ ಕಾಯಿದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಸಂತೋಷವೇ. ಆದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಅವಧಿ ಮುಗಿದಿತ್ತು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಭಾಗಿಸುವವರೆಗೂ ಚುನಾವಣೆ ನಡೆಯಲಿಲ್ಲ. ಹೀಗೆ ಆ ಕಾಯಿದೆಯಡಿ ಒಬ್ಬ ಮೇಯರ್ ಕೂಡ ಆಯ್ಕೆಯಾಗದೆ ಕಾಯಿದೆಯೇ ತೆರೆಮರೆಗೆ ಸರಿಯಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು 1993ರಿಂದ ಜಾರಿಯಲ್ಲಿರುವ 74ನೆಯ ತಿದ್ದುಪಡಿ ಸ್ಪಷ್ಟವಾಗಿ ವಿಧಿಸಿದೆ. ಒಂದು ಕಡೆ ಮತಪತ್ರ ಕೆಡಿಸಿದವನನ್ನು ನಾವು ಖಂಡಿಸುತ್ತೇವೆ. ಇನ್ನೊಂದು ಕಡೆ ಲಕ್ಷಾಂತರ ಜನರಿಗೆ ವರ್ಷಗಟ್ಟಲೆ ಮತಪತ್ರವನ್ನೇ ಕೊಡದಿದ್ದುದನ್ನು ಸಹಿಸಿಕೊಂಡಿದ್ದೇವೆ. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟ ಎಂದು ವಾಚಕರೇ ತೂಗಿ ನೋಡಲಿ.

ಒಂದು ವರ್ಷದ ಅವಧಿಯನ್ನು ಸಮರ್ಥಿಸುವವರ ವಾದವನ್ನೂ ಆಲಿಸಬೇಕು. ಎಲ್ಲ ವರ್ಗದವರಿಗೂ ಸರದಿಯಂತೆ ಅವಕಾಶ ಸಿಗಲಿ ಎಂಬುದು ಅವರ ಮಾತು. ಸಮಾನರ ನಡುವೆ ಆಳುವುದೂ ಆಳಿಸಿಕೊಳ್ಳುವುದೂ ಸರದಿಯಂತೆ ನಡೆಯಬೇಕೆಂದು ಅರಿಸ್ಟಾಟಲ್ ಕೂಡ ಬೋಧಿಸಿದ್ದನು. ಮೀಸಲಾತಿಯ ಸರದಿ ಇಲ್ಲದಿದ್ದರೆ ಎಷ್ಟೋ ಮಹಿಳೆಯರು, ಎಷ್ಟೋ ದಲಿತ ಸೋದರರು ಆ ಕುರ್ಚಿಯನ್ನು ದೂರದಿಂದಲೇ ನೋಡಬೇಕಾಗುತ್ತಿತ್ತು. ಆ ಸರದಿ ಉಳಿಯಲೇಬೇಕು. ಆದರೆ ಅರಿಸ್ಟಾಟಲ್ ಹೇಳಿದ ಸರದಿ ಹೊಣೆಗಾರಿಕೆಯ ಸರದಿ. ನಾವು ಹಂಚುತ್ತಿರುವುದು ಹೊಣೆಯನ್ನಲ್ಲ, ಕುರ್ಚಿಯನ್ನು. ದಲಿತನೊಬ್ಬನಿಗೆ ಅಧಿಕಾರವಿಲ್ಲದ ಪದವಿಯನ್ನು ಹನ್ನೆರಡು ತಿಂಗಳ ಮಟ್ಟಿಗೆ ಕೊಟ್ಟು ನ್ಯಾಯ ಒದಗಿಸಿದೆವೆಂದು ಬೆನ್ನು ತಟ್ಟಿಕೊಳ್ಳುವುದು ನ್ಯಾಯಕ್ಕೆ ಮಾಡುವ ಅಪಚಾರ. ನೆರೆಯ ಕೇರಳದಲ್ಲಿ ಸದಸ್ಯರೇ ಮೇಯರನ್ನು ಆರಿಸಿದರೂ ಅವಧಿ ಐದು ವರ್ಷ, ಅಲ್ಲೂ ಮೀಸಲಾತಿಯಿದೆ. ಉತ್ತರ ಪ್ರದೇಶ, ಮಧ್ಯಪ್ರದೇಶಗಳಲ್ಲಿ ನಗರದ ಜನರೇ ನೇರವಾಗಿ ಮತ ಹಾಕಿ ಮೇಯರನ್ನು ಆರಿಸುತ್ತಾರೆ. ಆದ್ದರಿಂದ ಬೇರೆ ದಾರಿಯಿಲ್ಲ ಎಂಬ ಮಾತು ನಿಲ್ಲದು.

ಹಾಗಾದರೆ ಸಾಮಾನ್ಯ ನಾಗರಿಕನು ಮಾಡಬೇಕಾದುದೇನು? ಕಾನೂನನ್ನು ತಿದ್ದುವ ಅಧಿಕಾರ ನಮಗಿಲ್ಲ. ಪ್ರಶ್ನೆ ಕೇಳುವ ಅಧಿಕಾರವಿದೆ. ವಾರ್ಡಿನ ಅಭ್ಯರ್ಥಿ ನಮ್ಮ ಅಂಗಳಕ್ಕೆ ಬಂದು ಕೈಮುಗಿದಾಗ ಚರಂಡಿ, ದಾರಿದೀಪಗಳ ಮಾತಿನೊಂದಿಗೆ ಇನ್ನೂ ಮೂರನ್ನು ಕೇಳೋಣ. ಮೇಯರ್ ಆಯ್ಕೆಯ ದಿನ ತಾವು ಯಾರಿಗೆ, ಯಾವ ಕಾರಣಕ್ಕೆ ಕೈಯೆತ್ತುವಿರೆಂದು ವಾರ್ಡಿನ ಸಭೆಯಲ್ಲಿ ಬಂದು ತಿಳಿಸುವಿರಾ? ಗೆದ್ದ ಚಿಹ್ನೆಯನ್ನು ಬಿಡುವ ಸಂದರ್ಭ ಬಂದರೆ ಮೊದಲು ನಮ್ಮ ಬಳಿಗೆ ಬರುವಿರಾ, ಅಥವಾ ಹೊರ ಊರಿನ ರೆಸಾರ್ಟಿಗೆ ಹೋಗುವಿರಾ? ನಗರದ ಕಸ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರು ವಾಸಿಸುತ್ತಾರೆ ಎಂಬುದನ್ನು ಒಮ್ಮೆಯಾದರೂ ಹೋಗಿ ನೋಡಿದ್ದೀರಾ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳೋಣ. ಐದು ವರ್ಷದ ಬಳಿಕ ಅದೇ ಹಾಳೆಯನ್ನು ಅವರ ಮುಂದಿಡೋಣ.

ಆ ಎಂಟು ಮತಪತ್ರಗಳು ಉಳಿದುಕೊಂಡದ್ದು ಯಾರೋ ನೋಡುತ್ತಿದ್ದರು ಎಂಬ ಕಾರಣಕ್ಕೆ. ನಮ್ಮ ನಗರದ ಮುಂದಿನ ಮೇಯರ್ ಚುನಾವಣೆಯ ಸುದ್ದಿ ಬಂದಾಗ ಪುಟ ತಿರುವದೆ ಪೂರ್ತಿ ಓದುವುದಾಗಿ ಈ ಅಂಕಣದ ವಾಚಕರು ಮನಸ್ಸು ಮಾಡಿದರೆ, ಇಂದು ಬರೆದದ್ದು ಸಾರ್ಥಕವಾಯಿತೆಂದು ತಿಳಿಯುತ್ತೇವೆ.